ನಾವು ತೆಗೆದುಹಾಕಿದ ಕೋಚ್

ನಮ್ಮ ಕ್ಲಬ್ಬಿನ ನಡಾವಳಿ ಪುಸ್ತಕದಲ್ಲಿ ಅವರ ಹೆಸರು ಬರುವುದು ಒಂದೇ ಒಂದು ಕಡೆ. ಮಾದಾಪುರದ ಹೆಣ್ಣುಮಕ್ಕಳಿಗೆ ಇಪ್ಪತ್ತೆರಡು ವರ್ಷ ಬಾಸ್ಕೆಟ್‌ಬಾಲ್ ಕಲಿಸಿದ ಮನುಷ್ಯ ಆ ಪುಸ್ತಕದಲ್ಲಿ ಕಾಣಿಸಿಕೊಂಡಿರುವುದು ಅವರನ್ನು ಕೋಚ್ ಸ್ಥಾನದಿಂದ ಬಿಡಿಸಿದ ಠರಾವಿನಲ್ಲಿ. ಅದನ್ನು ಬರೆದವಳು ನಾನೇ, ಕ್ಲಬ್ಬಿನ ಕಾರ್ಯದರ್ಶಿ.

ಕಳೆದ ಜನವರಿಯಲ್ಲಿ ಅವರು ತೀರಿಕೊಂಡರು. ಬೆಳಿಗ್ಗೆ ತೋಟದಲ್ಲಿ ಕಾಫಿ ಕುಯ್ಯುವವರ ಜೊತೆ ನಿಂತಿದ್ದವರು, ಮಧ್ಯಾಹ್ನ ಉಂಡು ಮಲಗಿ, ಏಳಲಿಲ್ಲ. ತಿಥಿಯೆಲ್ಲ ಮುಗಿದ ಮೇಲೆ ಟೀಮಿನ ಒಬ್ಬ ಹುಡುಗಿ ನನ್ನ ಜೆರಾಕ್ಸ್ ಅಂಗಡಿಗೆ ಬಂದು, "ಅಕ್ಕಾ, ಸಾರ್ ಬಗ್ಗೆ ನೀವು ಏನಾದ್ರೂ ಬರೀಬೇಕು. ನೀವೇ ಅಲ್ವಾ ಅವರನ್ನ ತೆಗೆದದ್ದು?" ಎಂದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ತೆಗೆದವರಿಗೆ ಹೆಚ್ಚು ಗೊತ್ತಿರುತ್ತದೆ ಎಂದುಕೊಂಡಿದ್ದಳು, ಅಷ್ಟೇ. ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಅಚ್ಚಿನಲ್ಲಿ ಹೆಸರು ಬಂದರೆ ಅವರು ನಾಲ್ಕು ದಿನ ಪೇಟೆಗೆ ಇಳಿಯುತ್ತಿರಲಿಲ್ಲ. ಊರವರು ಅವರನ್ನು ಲೈನ್‌ಮ್ಯಾನ್ ಸಾರ್ ಎನ್ನುತ್ತಿದ್ದರು. ನಮಗೆ ಬರೀ ಸಾರ್.

ಅವರು ವಿದ್ಯುತ್ ಇಲಾಖೆಯ ಲೈನ್‌ಮ್ಯಾನ್. ಗಾಳಿಬೀಡಿನ ಕಡೆಯವರು, ಮನೆಮಾತು ಅರೆಭಾಷೆ. ಕುಳ್ಳಗೆ, ಗಟ್ಟಿಯಾಗಿ, ಕಂಬ ಹತ್ತಿ ಹತ್ತಿ ಕಾಲು ಸ್ವಲ್ಪ ಬಿಲ್ಲಿನಂತೆ ಬಾಗಿದ ಮನುಷ್ಯ. ಬಾಸ್ಕೆಟ್‌ಬಾಲ್ ಆಡಿದವರು ಎಂದರೆ ಯಾರೂ ನಂಬುತ್ತಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಮೈಸೂರಿನಲ್ಲಿ ಇಲಾಖೆಯ ಕ್ವಾರ್ಟರ್ಸ್ ಪಕ್ಕ ಒಂದು ಕೋರ್ಟ್ ಇತ್ತಂತೆ. ಎತ್ತರದವರೆಲ್ಲ ಬುಟ್ಟಿಯ ಕೆಳಗೆ ನಿಲ್ಲುತ್ತಿದ್ದರಂತೆ, ಇವರು ಅವರ ಕಾಲುಗಳ ಮಧ್ಯೆ ನುಸುಳಿ ಚೆಂಡು ತಲುಪಿಸುತ್ತಿದ್ದರಂತೆ. "ನಾನು ಗೋಲು ಹಾಕಿದ್ದು ಕಡಿಮೆ. ಹಾಕ್ಸಿದ್ದು ಜಾಸ್ತಿ" ಎನ್ನುತ್ತಿದ್ದರು. ಬಾಸ್ಕೆಟ್ ಎನ್ನುವುದು ಅವರ ಬಾಯಲ್ಲಿ ಕೊನೆಯವರೆಗೂ ಗೋಲಾಗಿಯೇ ಉಳಿಯಿತು.

ನಮ್ಮ ಜಿಲ್ಲೆಯಲ್ಲಿ ಆಟ ಎಂದರೆ ಹಾಕಿ. ಮಾದಾಪುರದ ಶಾಲೆಯ ಹಿಂದೆ ಯಾರೋ ಪುಣ್ಯಾತ್ಮರು ಯಾವ ಕಾಲದಲ್ಲೋ ಒಂದು ಸಿಮೆಂಟಿನ ಬಾಸ್ಕೆಟ್‌ಬಾಲ್ ಕೋರ್ಟ್ ಮಾಡಿಸಿದ್ದರು. ಅದರಲ್ಲಿ ಆಡುವವರೇ ಇಲ್ಲದೆ ಸುತ್ತಲಿನವರು ಕಾಫಿ ಒಣಗಿಸುವ ಕಣ ಮಾಡಿಕೊಂಡಿದ್ದರು. ಸಾರ್ ಮಾದಾಪುರಕ್ಕೆ ವರ್ಗವಾಗಿ ಬಂದ ವರ್ಷ, ಕಂಬದ ಮೇಲಿಂದ ಈ ಕೋರ್ಟು ಕಂಡಿತಂತೆ. ಕೆಳಗಿಳಿದವರೇ ಕಾಫಿ ಹರಡಿದ್ದ ಮನೆಯವರ ಜೊತೆ ಒಂದು ಒಪ್ಪಂದ ಮಾಡಿಕೊಂಡರು: ಕುಯ್ಲಿನ ಎರಡು ತಿಂಗಳು ಅರ್ಧ ಕೋರ್ಟು ಕಾಫಿಗೆ, ಅರ್ಧ ಆಟಕ್ಕೆ. ಹಾಗಾಗಿ ನಾವು ಮೊದಲ ಬ್ಯಾಚಿನ ಹುಡುಗಿಯರು ಅರ್ಧ ಕೋರ್ಟಿನಲ್ಲೇ ಆಟ ಕಲಿತೆವು. ಚೆಂಡು ಕಾಫಿಯೊಳಗೆ ಉರುಳಿದರೆ ಉರುಳಿಸಿದವಳು ಕಾಲಲ್ಲಿ ಕೆದರಿದ್ದನ್ನು ಕೈಯಲ್ಲಿ ಸಮ ಮಾಡಿ ಬರಬೇಕಿತ್ತು.

ಅವರ ಕಲಿಸುವ ಭಾಷೆ ಕರೆಂಟಿನ ಭಾಷೆ. ಚೆಂಡನ್ನು ತುಂಬ ಹೊತ್ತು ಕೈಯಲ್ಲಿಟ್ಟುಕೊಂಡರೆ, "ಏ ಗೂಡೆ, ಸಪ್ಲೈ ಬಿಡು! ನಿನ್ನತ್ರವೇ ನಿಂತ್ರೆ ಊರೆಲ್ಲ ಕತ್ತಲೆ" ಎಂದು ಕೂಗುತ್ತಿದ್ದರು. ಗೂಡೆ ಎಂದರೆ ಅವರ ಅರೆಭಾಷೆಯಲ್ಲಿ ಹುಡುಗಿ. ತಮಿಳು, ಮಲಯಾಳ, ಕೊಡವ, ಉರ್ದು, ಯಾವ ಮನೆಮಾತಿನ ಹುಡುಗಿಯಾದರೂ ಕೋರ್ಟಿಗೆ ಬಂದ ಎರಡನೆಯ ದಿನಕ್ಕೆ ಗೂಡೆಯೇ. ಬೈಯುತ್ತಿರಲಿಲ್ಲ. ತಪ್ಪು ಮಾಡಿದವಳ ಪಕ್ಕ ಬಂದು ನಿಂತು, ಅವಳು ನಿಂತಿದ್ದ ಜಾಗದಿಂದ ಬುಟ್ಟಿಯನ್ನು ತಾವೂ ಒಮ್ಮೆ ನೋಡುತ್ತಿದ್ದರು. "ಹಾಂ. ಇಲ್ಲಿಂದ ಹಾಗೇ ಕಾಣ್ತದೆ" ಎಂದು ತಲೆಯಾಡಿಸಿ, ಆಮೇಲೆ ಸರಿ ಮಾಡುತ್ತಿದ್ದರು.

ನನ್ನ ಅಮ್ಮನಿಗೆ ನಾನು ಚಡ್ಡಿ ಹಾಕಿಕೊಂಡು ಆಡುವುದು ಸ್ವಲ್ಪವೂ ಸರಿಬರಲಿಲ್ಲ. ಒಂದು ವಾರ ನನ್ನನ್ನು ಮನೆಯಲ್ಲೇ ಕೂರಿಸಿದಳು. ಸಾರ್ ಬಂದರು. ನಾನು ಬಾಗಿಲ ಹಿಂದೆ ನಿಂತು, ಈಗ ಅಮ್ಮನಿಗೆ ಉಪದೇಶ ಮಾಡುತ್ತಾರೆ ಎಂದು ಕಾಯುತ್ತಿದ್ದೆ. ಅವರು ಆಟದ ಸುದ್ದಿಯನ್ನೇ ಎತ್ತಲಿಲ್ಲ. ಕಾಫಿ ಕುಡಿದರು, ನಮ್ಮ ಮೀಟರ್ ಬೋರ್ಡು ಸಡಿಲವಾಗಿದ್ದನ್ನು ನೋಡಿ ಬಿಗಿ ಮಾಡಿದರು, ಹೊರಡುವಾಗ, "ಅಮ್ಮಾ, ಸಾಯಂಕಾಲ ಕೋರ್ಟಿನ ಹತ್ತಿರ ಒಬ್ಬರು ದೊಡ್ಡವರು ಕೂತ್ರೆ ನಂಗೆ ಧೈರ್ಯ. ಇಷ್ಟೊಂದು ಹೆಣ್ಣುಮಕ್ಕಳು, ನಾನೊಬ್ಬನೇ ಗಂಡಸು" ಎಂದರು. ಅಮ್ಮ ಮರುದಿನ ಅವರೆಕಾಯಿ ಬುಟ್ಟಿ ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಕೂತಳು. ಎರಡು ವರ್ಷ ಬಿಡದೆ ಬಂದಳು. ಕೊನೆಕೊನೆಗೆ ರೆಫರಿಗಳಿಗೆ ನಮ್ಮ ಟೀಮಿನ ಯಾರಿಗಿಂತಲೂ ಹೆಚ್ಚು ಭಯವಿದ್ದದ್ದು ನನ್ನ ಅಮ್ಮನದು.

ನಾನು ಅಂಥ ದೊಡ್ಡ ಆಟಗಾರ್ತಿಯೇನೂ ಆಗಲಿಲ್ಲ. ಎಡಗೈ ನನಗೆ ಕೊನೆಯವರೆಗೂ ಒಗ್ಗಲಿಲ್ಲ. ಸಾರ್ ನನ್ನ ಬಲಗೈಯನ್ನು ಬೆನ್ನಿಗೆ ಟವಲಿನಿಂದ ಕಟ್ಟಿ ಓಡಿಸಿದ್ದೂ ಉಂಟು. ಆದರೂ ಆ ಕೋರ್ಟು ಬಿಡಲಾಗಲಿಲ್ಲ. ಮದುವೆಯಾಗಿ, ಪೇಟೆಯಲ್ಲಿ ಅಂಗಡಿ ಇಟ್ಟು, ಕೊನೆಗೆ ಕ್ಲಬ್ಬಿನ ಕಾರ್ಯದರ್ಶಿಯಾಗಿ ಅಲ್ಲಿಗೇ ಬಂದು ಸೇರಿದೆ. ಕಮಿಟಿಯಲ್ಲಿ ನಾವು ಮೂವರು. ಅಧ್ಯಕ್ಷರು ಕೊಡವರು, ಹತ್ತಿರದ ಎಸ್ಟೇಟಿನ ಯಜಮಾನರು, ಯೌವನದಲ್ಲಿ ಹಾಕಿ ಆಡಿದವರು. ಇನ್ನೊಬ್ಬರು ಸೋಮವಾರಪೇಟೆಯ ಸರೋಜಮ್ಮ ಟೀಚರ್, ನಿವೃತ್ತ ಮುಖ್ಯೋಪಾಧ್ಯಾಯಿನಿ. ಮೂರನೆಯವಳು ನಾನು.

ಸೋಲು ಯಾವಾಗ ಶುರುವಾಯಿತು ಎಂದು ಹೇಳುವುದು ಕಷ್ಟ. ಹತ್ತು ಹನ್ನೆರಡು ವರ್ಷ ನಮ್ಮ ಟೀಮು ಸುತ್ತಲಿನ ಟೂರ್ನಮೆಂಟುಗಳಲ್ಲಿ ಒಂದು ಮಟ್ಟಿಗೆ ಹೆಸರು ಮಾಡಿತ್ತು. ಆಮೇಲೆ ಬೇರೆಯವರ ಆಟ ಬದಲಾಯಿತು. ಮೈಸೂರು, ಮಂಗಳೂರು ಕಡೆಯಿಂದ ಬರುವ ಹುಡುಗಿಯರು ದೂರದ ಗೆರೆಯ ಹೊರಗೆ ನಿಂತು ಬುಟ್ಟಿಗೆ ಎಸೆಯುತ್ತಿದ್ದರು. ಹತ್ತಿರದಿಂದ ಹಾಕಿದರೆ ಎರಡು ಪಾಯಿಂಟು, ಅಲ್ಲಿಂದ ಹಾಕಿದರೆ ಮೂರು. ಸಾರ್‌ಗೆ ಅದು ಆಟವೇ ಅಲ್ಲ. ನಾಲ್ಕು ಪಾಸು, ಐದು ಪಾಸು, ಒಳಗೆ ನುಗ್ಗಬೇಕು, ಬುಟ್ಟಿಯ ಕೆಳಗೆ ಹೋಗಿಯೇ ಹಾಕಬೇಕು. "ಕಂಬ ಹತ್ತದೆ ಕೆಳಗೆ ನಿಂತೇ ಫ್ಯೂಸ್ ಹಾಕ್ಲಿಕ್ಕೆ ಆಗ್ತದಾ?" ಎಂದು ಕೇಳುತ್ತಿದ್ದರು. ನಮ್ಮ ಮಕ್ಕಳು ಬೆವರು ಸುರಿಸಿ ಒಳಗೆ ನುಗ್ಗಿ ಎರಡು ತರುವಷ್ಟರಲ್ಲಿ ಅವರು ಹೊರಗೆ ನಿಂತು ಮೂರು ಹಾಕಿ ಓಡಿರುತ್ತಿದ್ದರು.

ಎರಡು ಸೀಸನ್ ಒಂದೂ ಪಂದ್ಯ ಗೆಲ್ಲಲಿಲ್ಲ. ಹದಿನಾರು ಹುಡುಗಿಯರು ಇದ್ದದ್ದು ಒಂಬತ್ತಕ್ಕೆ ಇಳಿಯಿತು. ಆ ಒಂಬತ್ತರಲ್ಲಿ ಶಾಲಿನಿ ಒಬ್ಬಳು. ಎಸ್ಟೇಟಿನ ಕೂಲಿಕಾರರ ಲೈನ್ ಮನೆಯ ಹುಡುಗಿ, ಅಪ್ಪ ಅಮ್ಮ ಇಬ್ಬರೂ ಕಾಫಿ ಪಿಕ್ಕಿಂಗಿಗೆ ಹೋಗುವವರು. ಉದ್ದ ಕೈ, ಚೆಂಡು ಹಿಡಿದರೆ ಅಂಟಿದ ಹಾಗೆ. ಅವಳಿಗೆ ಹದಿನೇಳು ನಡೆಯುತ್ತಿತ್ತು. ಇನ್ನೊಂದು ವರ್ಷದೊಳಗೆ ಆಯ್ಕೆದಾರರ ಕಣ್ಣಿಗೆ ಬಿದ್ದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಓದು, ಊಟ ಎಲ್ಲ. ಬೀಳದಿದ್ದರೆ ಅಮ್ಮನ ಜೊತೆ ಬುಟ್ಟಿ ಹಿಡಿದು ತೋಟಕ್ಕೆ. ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬರುವ ಟೀಮಿನಲ್ಲಿ ಯಾರ ಕಣ್ಣಿಗೆ ಬೀಳುವುದು?

ವಿರಾಜಪೇಟೆಯ ಟೂರ್ನಮೆಂಟಿನಲ್ಲಿ ಆದ ಸೋಲು ನೋಡುವ ಹಾಗಿರಲಿಲ್ಲ. ಕೊನೆಯ ಹತ್ತು ನಿಮಿಷ ಎದುರು ಟೀಮಿನವರು ಪಾಪ ಎಂದು ತಮ್ಮ ಚಿಕ್ಕ ಹುಡುಗಿಯರನ್ನು ಇಳಿಸಿದರು. ಅವರೂ ನಮ್ಮನ್ನು ಸೋಲಿಸಿದರು. ಬರುವಾಗ ಬಸ್ಸಿನಲ್ಲಿ ಶಾಲಿನಿ ನನ್ನ ಪಕ್ಕ ಕೂತಿದ್ದಳು. ಸಾರ್ ಮುಂದಿನ ಸೀಟಿನಲ್ಲಿ ಚೆಂಡಿನ ಚೀಲ ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದರು.

"ಎಂತಾಯ್ತು ಶಾಲಿನಿ?" ಎಂದು ಕೇಳಿದೆ.

"ಏನಿಲ್ಲ ಅಕ್ಕಾ."

ಬಸ್ಸು ಒಂದು ತಿರುವು ದಾಟಿದ ಮೇಲೆ ಅವಳೇ, "ಸಾರ್ ತುಂಬ ಒಳ್ಳೆಯವರು ಅಕ್ಕಾ. ಅದೇ ಕಷ್ಟ" ಎಂದಳು.

ಆ ಮಾತಿನಿಂದಲೇ ಮೀಟಿಂಗು ಕರೆಯುವ ಧೈರ್ಯ ನನಗೆ ಬಂತು.

ಶಾಲೆಯ ಸ್ಟಾಫ್ ರೂಮಿನಲ್ಲಿ, ಭಾನುವಾರ ಮಧ್ಯಾಹ್ನ. ಸಾರ್‌ಗೂ ಹೇಳಿ ಕಳಿಸಿದ್ದೆವು. ಅವರು ಮನೆಯ ಮರದಲ್ಲಿ ಬಿಟ್ಟ ಬಟರ್ ಫ್ರೂಟನ್ನು ಒಂದು ಚೀಲ ತುಂಬ ತಂದು ಮೇಜಿನ ಮೇಲಿಟ್ಟರು. ಆ ಚೀಲ ನೋಡಿ ನನಗೆ ಎದ್ದು ಓಡಿಹೋಗೋಣ ಎನ್ನಿಸಿತು.

ಅಧ್ಯಕ್ಷರು ಗಂಟಲು ಸರಿ ಮಾಡಿಕೊಂಡರು. "ನೋಡಿ ಸಾರ್, ಬೇಜಾರ್ ಮಾಡ್ಕೋಬಾರ್ದು..."

"ಹೇಳಿ ಹೇಳಿ. ಡಿಪಾರ್ಟ್‌ಮೆಂಟಲ್ಲಿ ಬೈಸಿಕೊಂಡು ಅಭ್ಯಾಸ ಉಂಟು. ಕರೆಂಟು ಹೋದ್ರೆ ಊರಿಗೂರೇ ಬೈಯುದು ಲೈನ್‌ಮ್ಯಾನಿಗೆ."

"ಟೀಮು ಸೋಲ್ತಾ ಉಂಟು. ಮೈಸೂರಿಂದ ಒಬ್ಬ ಹುಡುಗನನ್ನ ಕರೆಸುವ ಅಂತ. ಯೂನಿವರ್ಸಿಟಿಗೆ ಆಡಿದವ. ನಮ್ಮ ಎಸ್ಟೇಟಲ್ಲೇ ಲೆಕ್ಕ ಬರೆಯುವ ರೈಟರ್ ಕೆಲಸ ಕೊಡ್ತೇನೆ, ಸಾಯಂಕಾಲ ಕೋಚಿಂಗು."

ಸರೋಜಮ್ಮ ಟೀಚರಿಗೆ ತಡೆಯಲಾಗಲಿಲ್ಲ. "ಏನ್ರೀ ಇದು? ಪ್ರತಿ ಮಳೆಗಾಲ ಮುಗಿದ್ಮೇಲೆ ಆ ಕೋರ್ಟಿನ ಪಾಚಿ ಉಜ್ಜೋರು ಯಾರು? ಇವ್ರು ಉಜ್ಜೋವಾಗ ನಿಮ್ ಯೂನಿವರ್ಸಿಟಿ ಹುಡುಗ ತೊಟ್ಟಿಲಲ್ಲಿದ್ದ. ಎರಡು ವರ್ಷ ಸೋತ್ರೆ ಮನುಷ್ಯನ್ನ ಆಚೆಗೆ ಹಾಕಿಬಿಡೋದಾ?"

ಸಾರ್ ಟೀಚರನ್ನು ಕೈಸನ್ನೆಯಲ್ಲೇ ಸಮಾಧಾನ ಮಾಡಿದರು. ಆಮೇಲೆ ತಮ್ಮ ಬೂಟಿನ ಕಡೆ ನೋಡುತ್ತಾ ಹೇಳಿದರು. "ಪಾಚಿ ಉಜ್ಜುದು ಬೇರೆ, ಆಟ ಬೇರೆ ಟೀಚರೇ. ಅವರು ದೂರದಿಂದ ಹಾಕ್ತಾರಲ್ಲ, ಅದನ್ನ ತಡೆಯುದು ಹೇಗೆ ಅಂತ ನಂಗೆ ಗೊತ್ತಿಲ್ಲ. ಹಾಕುದು ಹೇಗೆ ಅಂತಲೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಅದು ಆಟವೇ ಅಲ್ಲ ಅಂತ ಮಕ್ಕಳಿಗೆ ಹೇಳ್ತಾ ಇದ್ದೆ." ಎದ್ದು ನಿಂತರು. "ನಾನು ಹೊರಗೆ ಇರ್ತೇನೆ. ನೀವು ಮಾತಾಡಿ."

ಅವರು ಹೊರಗೆ ಹೋದ ಮೇಲೆ ಕೈ ಎತ್ತುವ ಹೊತ್ತು ಬಂತು. ಅಧ್ಯಕ್ಷರು ತೆಗೆಯುವ ಕಡೆ, ಟೀಚರು ಉಳಿಸುವ ಕಡೆ. ಉಳಿದದ್ದು ನಾನು. ನನ್ನ ಅಮ್ಮನನ್ನು ಕಟ್ಟೆಯ ಮೇಲೆ ಕೂರಿಸಿದ ಮನುಷ್ಯ ಕಿಟಕಿಯ ಆಚೆ, ಕೋರ್ಟಿನ ಗೆರೆಯ ಮೇಲೆ ಬಿದ್ದಿದ್ದ ಒಣಗಿದ ಎಲೆಗಳನ್ನು ಕಾಲಲ್ಲಿ ಸರಿಸುತ್ತಿದ್ದರು. ನಾನು ಶಾಲಿನಿಯನ್ನು ನೆನೆದು ಕೈ ಎತ್ತಿದೆ. ಸರೋಜಮ್ಮ ಟೀಚರ್ ನನ್ನನ್ನು ನೋಡಿದ ನೋಟಕ್ಕೆ ಹೆಸರು ಕೊಡಲಾರೆ. ಮುಂದೆ ಆರು ತಿಂಗಳು ಅವರು ನನ್ನ ಅಂಗಡಿಗೆ ಬರಲಿಲ್ಲ.

ಹೇಳುವ ಕೆಲಸವೂ ನನ್ನದೇ ಆಯಿತು. ಕೋರ್ಟಿಗೆ ಹೋಗಿ ನಿಂತೆ. ಅವರೇ ಕೇಳಿದರು. "ಆಯ್ತಾ?"

"ಆಯ್ತು ಸಾರ್."

"ನೀನು ಯಾವ ಕಡೆ ಕೈ ಎತ್ತಿದೆ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ತೆಗೆಯುವ ಕಡೆ ಸಾರ್."

ಅವರು ನನ್ನ ಕೈಗಳ ಕಡೆ ನೋಡಿದರು. "ಬಲಗೈಯಾ, ಎಡಗೈಯಾ?"

"ಬಲಗೈ ಸಾರ್."

"ಗೊತ್ತಿತ್ತು ನಂಗೆ. ಇಷ್ಟು ವರ್ಷ ಹೇಳಿದ್ರೂ ನೀನು ಎಡಗೈ ಉಪಯೋಗ್ಸಲಿಲ್ಲ" ಎಂದರು. ನಕ್ಕರು. ಕೊರಳಿನಿಂದ ವಿಸಿಲ್ ತೆಗೆದು ನನ್ನ ಕೈಯಲ್ಲಿಟ್ಟು ಮನೆಯ ದಾರಿ ಹಿಡಿದರು. ನಾನು ಅಲ್ಲೇ ಕೂತು ಅತ್ತೆ.

ಅವರು ನಗುತ್ತಾ ಹೋದರು ಎಂದು ಬರೆದುಬಿಟ್ಟರೆ ಚೆನ್ನಾಗಿರುತ್ತದೆ, ಆದರೆ ಅರ್ಧ ಸುಳ್ಳಾಗುತ್ತದೆ. ಅವರಿಗೆ ನೋವಾಗಿತ್ತು. ಮನೆಯಿಂದ ಪೇಟೆಗೆ ಬರಲು ಕೋರ್ಟಿನ ಪಕ್ಕದ್ದೇ ನೇರ ದಾರಿ. ಅವರು ತಿಂಗಳುಗಟ್ಟಲೆ ಆಚೆಯ ಇಳಿಜಾರು ಹತ್ತಿ ಸುತ್ತುಹಾಕಿ ಬರುತ್ತಿದ್ದರು. ಒಂದು ದಿನ ಅವರ ಹೆಂಡತಿ ಆಧಾರ್ ಕಾರ್ಡಿನ ಜೆರಾಕ್ಸಿಗೆ ಬಂದರು. ನಾನು ತಲೆ ಎತ್ತದೆ ಮಿಷನ್ನಿನ ಕೆಲಸ ಮಾಡುತ್ತಿದ್ದೆ.

"ಬೇಜಾರ್ ಉಂಟು ಅವರಿಗೆ" ಎಂದು ಅವರೇ ಶುರುಮಾಡಿದರು. "ಬಾಯಿ ಬಿಟ್ಟು ಹೇಳುದಿಲ್ಲ. ಸಾಯಂಕಾಲ ನಾಲ್ಕೂವರೆ ಆದ ಕೂಡ್ಲೆ ಎದ್ದು ಬೂಟು ಹಾಕ್ಕೊಳ್ತಾರೆ. ಆಮೇಲೆ ಅಲ್ಲೇ ಜಗಲಿಯಲ್ಲಿ ಕೂತುಬಿಡ್ತಾರೆ."

"ನನ್ನ ಮೇಲೆ ಸಿಟ್ಟಾ ಅಮ್ಮಾ?"

"ನಿನ್ನ ಮೇಲಾ? ಇಲ್ಲಪ್ಪ. ನಿನ್ನ ಹೆಸರು ಹೇಳಿದ್ರೆ ನಗ್ತಾರೆ. ನೀನು ಮನೆಗೆ ಬಾರದೆ ಎಷ್ಟು ದಿನ ಆಯ್ತು?"

ಬರುತ್ತೇನೆ ಎಂದೆ. ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು?

ಮೈಸೂರಿನ ಹುಡುಗ ಬಂದ. ಹೆಸರು ಕಿರಣ್. ಇಪ್ಪತ್ತಾರರ ಹುಡುಗ, ಎತ್ತರ, ಕೈಯಲ್ಲಿ ಟ್ಯಾಬ್, ಬಾಯಲ್ಲಿ ಮೈಸೂರಿನ ಮೆತ್ತನೆಯ ಕನ್ನಡ. ಒಳ್ಳೆಯವನೇ. ಆದರೆ ನಮ್ಮ ಗೂಡೆಯರು ಅವನನ್ನು ಮಾತಾಡಿಸಲಿಲ್ಲ. ಮೊದಲ ವಾರ ಐದು ಜನ ಬಂದರು, ಎರಡನೆಯ ವಾರ ಮೂರು. ಬಂದವರೂ ಅವನು ಓಡಿ ಎಂದರೆ ನಡೆಯುತ್ತಿದ್ದರು. ಶಾಲಿನಿಯೇ ಅವರ ಮುಂದಾಳು. ಸಾರ್ ಇದ್ದರೆ ಕಷ್ಟ ಎಂದವಳಿಗೆ ಸಾರ್ ಇಲ್ಲದ್ದು ಅದಕ್ಕಿಂತ ಕಷ್ಟವಾಗಿತ್ತು. ಕಿರಣ್ ನನ್ನ ಅಂಗಡಿಗೆ ಬಂದು, "ಮೇಡಮ್, ನಾನು ವಾಪಸ್ ಹೋಗ್ಬಿಡ್ತೀನಿ. ಇವ್ರು ನನ್ನ ಕೋಚ್ ಅಂತ ಒಪ್ಪಲ್ಲ" ಎಂದ. ಒಬ್ಬರನ್ನು ತೆಗೆದದ್ದೂ ಆಯಿತು, ಇನ್ನೊಬ್ಬನನ್ನು ಓಡಿಸಿದ್ದೂ ಆಗುತ್ತದೆ, ಕ್ಲಬ್ಬೇ ಮುಚ್ಚುತ್ತದೆ ಎಂದು ನನಗೆ ಗಾಬರಿಯಾಯಿತು.

ಸುದ್ದಿ ಸಾರ್ ಕಿವಿಗೆ ಹೇಗೆ ಬಿತ್ತೋ ತಿಳಿಯದು. ಮರುದಿನ ಸಾಯಂಕಾಲ ನಾನು ಅಂಗಡಿ ಬೇಗ ಮುಚ್ಚಿ ಕೋರ್ಟಿಗೆ ಹೋಗಿದ್ದೆ. ಕಿರಣ್ ದೂರದ ಗೆರೆಯ ಹೊರಗೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಎಸೆಯುವುದನ್ನು ತೋರಿಸುತ್ತಿದ್ದ. ಅಂದು ಏಳು ಜನ ಬಂದಿದ್ದರು, ಏಳು ಜನವೂ ಬೇರೆ ಎಲ್ಲೋ ನೋಡುತ್ತಿದ್ದರು. ಸಾರ್ ನೇರ ದಾರಿಯಲ್ಲೇ ಬಂದರು. ಅದೇ ಹಳೆಯ ಕ್ಯಾನ್ವಾಸ್ ಬೂಟು, ಇಲಾಖೆಯ ಖಾಕಿ ಪ್ಯಾಂಟು. ಯಾರನ್ನೂ ಮಾತಾಡಿಸದೆ ಹೋಗಿ ಸಾಲಿನ ಕೊನೆಯಲ್ಲಿ, ಒಬ್ಬಳು ಪುಟ್ಟ ಹುಡುಗಿಯ ಹಿಂದೆ ನಿಂತರು.

ಕಿರಣ್‌ಗೆ ಅವರು ಯಾರೆಂದು ಗೊತ್ತಿತ್ತು. ಚೆಂಡು ಹಿಡಿದ ಕೈ ಹಾಗೇ ನಿಂತಿತು.

"ಸಾರ್, ನಂಗೂ ಆ ದೂರದ ಶಾಟು ಸ್ವಲ್ಪ ಹೇಳಿಕೊಡಿ" ಎಂದರು ಸಾರ್.

"ಅಯ್ಯೋ, ನೀವು ನನ್ನ ಸಾರ್ ಅನ್ಬಾರ್ದು..."

"ಕೋರ್ಟಿನ ಒಳಗೆ ಒಬ್ಬನೇ ಸಾರ್ ಇರುದು. ಹೊರಗೆ ಹೋದ ಮೇಲೆ ನೀನು ಹುಡುಗ, ನಮ್ಮ ಮನೆಗೆ ಊಟಕ್ಕೆ ಬಾ. ಈಗ ಹೇಳಿಕೊಡಿ."

ಅವರ ಸರದಿ ಬಂತು. ಅರವತ್ತನಾಲ್ಕು ವರ್ಷದ ಮನುಷ್ಯ ಗೆರೆಯ ಮೇಲೆ ನಿಂತು, ಮೊಣಕಾಲು ಬಗ್ಗಿಸಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಎಸೆದರು. ಚೆಂಡು ಬುಟ್ಟಿಗೆ ಇನ್ನೂ ಎರಡು ಮಾರು ಇರುವಂತೆ ಕೆಳಗೆ ಬಿದ್ದು ಉರುಳಿಕೊಂಡು ಹೋಯಿತು. ಶಾಲಿನಿ ಬಾಯಿಗೆ ಕೈ ಅಡ್ಡ ಹಿಡಿದಳು, ತಡೆಯಲಾಗದೆ ನಕ್ಕುಬಿಟ್ಟಳು. ಎಲ್ಲರೂ ನಕ್ಕರು. ಸಾರೂ ನಕ್ಕರು.

"ನಗ್ತೀಯಾ? ನೀನು ಹಾಕು ನೋಡುವ" ಎಂದು ಚೆಂಡು ಶಾಲಿನಿಗೆ ಕೊಟ್ಟರು.

ಕಿರಣ್ ಅವಳ ಮೊಣಕೈ ಎಲ್ಲಿರಬೇಕು ಎಂದು ತೋರಿಸಿದ. ಅವಳು ಮೊದಲ ಸಲ ಅವನು ಹೇಳಿದ್ದನ್ನು ಕೇಳಿದಳು. ಚೆಂಡು ಉಂಗುರಕ್ಕೆ ತಾಗಿ ಹೊರಗೆ ಬಿತ್ತು. "ಹತ್ತಿರ ಬಂತು! ಇನ್ನೊಂದು!" ಎಂದು ಸಾಲಿನ ಕೊನೆಯಿಂದ ಕೂಗು ಕೇಳಿಸಿತು.

ಮಳೆ ಹಿಡಿಯುವವರೆಗೆ ಅವರು ದಿನವೂ ಬಂದರು. ಮಳೆಗಾಲದಲ್ಲಿ ಶಾಲೆಯ ಹಾಲಿನಲ್ಲಿ ಬರೀ ಚೆಂಡು ಹಿಡಿಯುವ ಅಭ್ಯಾಸ, ಅಲ್ಲಿಗೂ ಬಂದರು. ಕಿರಣ್ ಹೇಳಿದ್ದು ತಪ್ಪು ಎಂದು ಒಂದು ದಿನವೂ ಹೇಳಲಿಲ್ಲ. ಹುಡುಗಿಯರು ಅವರ ಹತ್ತಿರ ಬಂದು, "ಸಾರ್, ನೀವಾದ್ರೆ ಏನ್ಮಾಡ್ತಿದ್ರಿ?" ಎಂದು ಪಿಸುಗುಟ್ಟಿದರೆ, "ನಾನಾದ್ರೆ ಸೋಲ್ತಿದ್ದೆ. ಹೋಗು, ಅವನು ಹೇಳಿದ ಹಾಗೆ ಮಾಡು" ಎನ್ನುತ್ತಿದ್ದರು. ಕಿರಣ್ ಭಾನುವಾರದ ಊಟ ಅವರ ಮನೆಯಲ್ಲೇ ಮಾಡತೊಡಗಿದ. ವರ್ಷ ತುಂಬುವುದರೊಳಗೆ ಅವನ ಮೈಸೂರು ಕನ್ನಡದಲ್ಲಿ "ಉಂಟು", "ಎಂತ" ಸೇರಿಕೊಂಡವು.

ಟೀಮು ಗೆಲ್ಲತೊಡಗಿತು. ಇದನ್ನು ಒಪ್ಪಿಕೊಳ್ಳಲು ಸರೋಜಮ್ಮ ಟೀಚರಿಗೆ ಕಷ್ಟವಾಯಿತು, ನಿಜ ಹೇಳಬೇಕೆಂದರೆ ನನಗೂ ಸ್ವಲ್ಪ ಕಷ್ಟವಾಯಿತು. ನಾವು ಮಾಡಿದ್ದು ತಪ್ಪಾಗಿದ್ದರೆ ಅಳುವುದು ಸುಲಭವಿತ್ತು. ಶಾಲಿನಿ ಆಯ್ಕೆಯಾದಳು. ಹಾಸ್ಟೆಲಿಗೆ ಹೊರಡುವ ದಿನ ಅವಳ ಅಮ್ಮ ಸಾರ್ ಕಾಲಿಗೆ ಬೀಳಲು ಹೋದರೆ, ಅವರು ಹಿಂದೆ ಸರಿದು ಕಿರಣ್‌ನನ್ನು ಮುಂದೆ ತಳ್ಳಿದರು. ಅವನು ಸರಿದು ಇವರನ್ನು ತಳ್ಳಿದ. ಆ ತಳ್ಳಾಟದಲ್ಲಿ ಬಸ್ಸಿನವನು ಹಾರ್ನ್ ಬಾರಿಸಿ ಬಾರಿಸಿ ಸೋತ.

ಮೂರನೆಯ ವರ್ಷ ಮತ್ತೆ ಸೋಲು. ಶಾಲಿನಿಯೂ ಅವಳ ಜೊತೆಯ ದೊಡ್ಡ ಹುಡುಗಿಯರೂ ಹೋಗಿ, ಹನ್ನೆರಡು ಹದಿಮೂರರ ಪುಟ್ಟ ಮಕ್ಕಳು ಉಳಿದಿದ್ದರು. ಸೀಸನ್ ಮುಗಿಯುವ ಹೊತ್ತಿಗೆ ಗೆದ್ದದ್ದು ಒಂದು ಪಂದ್ಯ. ಈ ಸಲ ಮೀಟಿಂಗು ಕರೆಸಿದ್ದು ಸರೋಜಮ್ಮ ಟೀಚರ್.

"ನನಗೆ ಆ ಹುಡುಗನ ಮೇಲೆ ದ್ವೇಷ ಇಲ್ಲ ಕಣಮ್ಮ" ಎಂದರು ನನಗೆ. "ಆದ್ರೆ ನ್ಯಾಯ ಅಂದ್ರೆ ಎಲ್ರಿಗೂ ಒಂದೇ ಇರ್ಬೇಕು. ಸೋತ್ರು ಅಂತ ಆ ದೊಡ್ಡ ಮನುಷ್ಯನ್ನ ತೆಗೆದ್ರಿ. ಈಗ ಇವ್ನೂ ಸೋತವ್ನೆ. ಅವ್ರಿಗೆ ಕೊಡದ ಇನ್ನೊಂದು ವರ್ಷ ಇವ್ನಿಗ್ಯಾಕೆ?"

ಮೀಟಿಂಗಿನ ದಿನ ಅಧ್ಯಕ್ಷರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಟೀಚರ್ ಹೇಳುದ್ರಲ್ಲಿ ಪಾಯಿಂಟ್ ಉಂಟು ಮಾರಾಯ್ರೇ" ಎಂದರು. ಕಿರಣ್ ಬರಲಿಲ್ಲ. ತನ್ನ ರೂಮಿನಲ್ಲಿ ಬ್ಯಾಗು ಕಟ್ಟುತ್ತಿದ್ದಾನೆ ಎಂದು ಯಾರೋ ಹೇಳಿದರು.

ಆಗ ಬಾಗಿಲಲ್ಲಿ ಸಾರ್ ಕಾಣಿಸಿಕೊಂಡರು. ಅವರನ್ನು ಯಾರೂ ಕರೆದಿರಲಿಲ್ಲ. ಬರಿಗೈಯಲ್ಲಿ ಬಂದಿದ್ದರು. ಕೂತುಕೊಳ್ಳಿ ಎಂದರೆ ಕೂರಲಿಲ್ಲ.

"ಆ ಹುಡುಗನಿಗೆ ಒಂದು ವರ್ಷ ಕೊಡಿ" ಎಂದರು.

ಸರೋಜಮ್ಮ ಟೀಚರ್ ಮುಖ ಕೆಂಪಾಯಿತು. "ನಾನು ಇಲ್ಲಿ ಮಾತಾಡ್ತಿರೋದು ನಿಮ್ ಪರವಾಗಿ ಕಣ್ರೀ!"

"ಗೊತ್ತುಂಟು ಟೀಚರೇ. ನಿಮ್ಮ ಋಣ ಉಂಟು ನಂಗೆ. ಆದ್ರೆ ಅವನ ಸೋಲು ಬೇರೆ, ನನ್ನ ಸೋಲು ಬೇರೆ."

"ಸೋಲು ಸೋಲೇ ಅಲ್ವಾ?"

"ಅಲ್ಲ. ನಾನು ಇದ್ದಾಗ ಮಕ್ಕಳು ಪ್ರತಿ ಸಲವೂ ಒಂದೇ ಥರ ಸೋಲ್ತಿದ್ರು. ನೀವು ಹೋದ ತಿಂಗಳ ಮ್ಯಾಚು ನೋಡಿದ್ರಾ? ಮೊದಲನೇದರಲ್ಲಿ ಪಾಸು ಸರಿ ಇರ್ಲಿಲ್ಲ, ಸೋತ್ರು. ಎರಡನೇದರಲ್ಲಿ ಪಾಸು ಸರಿಯಾಯ್ತು, ಓಡ್ಲಿಕ್ಕೆ ಉಸಿರು ಸಾಕಾಗ್ಲಿಲ್ಲ. ಮೂರನೇದರಲ್ಲಿ ಓಡಿದ್ರು, ಕೊನೆಗೆ ಹೆದರಿದ್ರು. ದಿನಾ ಒಂದೇ ಕಡೆ ಫ್ಯೂಸು ಹೋದ್ರೆ ಲೈನೇ ಹಾಳಾಗಿದೆ ಅಂತ ಲೆಕ್ಕ, ಬದಲಾಯಿಸ್ಬೇಕು. ಒಂದೊಂದು ದಿನ ಒಂದೊಂದು ಕಡೆ ಹೋದ್ರೆ ಅದು ಗಾಳಿ ಮಳೆ. ರಿಪೇರಿ ಮಾಡ್ತಾ ಇದ್ರೆ ನಿಲ್ತದೆ."

ಅಷ್ಟು ಉದ್ದಕ್ಕೆ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಧ್ಯಕ್ಷರು ಟೀಚರ್ ಮುಖ ನೋಡಿದರು. ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, "ಇವ್ರೇ ಹೀಗಂದ್ಮೇಲೆ ನಾನ್ಯಾರು ಬೇಡ ಅನ್ನೋಕೆ?" ಎಂದರು. ಕೈ ಎತ್ತುವ ಪ್ರಮೇಯವೇ ಬರಲಿಲ್ಲ. ಅಧ್ಯಕ್ಷರ ಜೀಪು ಕಿರಣ್‌ನ ರೂಮಿನ ಕಡೆ ಹೋಯಿತು, ಬ್ಯಾಗು ಬಿಚ್ಚಿಸಲು.

ಅವನು ಈಗಲೂ ನಮ್ಮಲ್ಲೇ ಇದ್ದಾನೆ. ಮುಂದಿನ ವರ್ಷ ಟೀಮು ಭಾರೀ ಏನೂ ಮಾಡಲಿಲ್ಲ. ಕೆಲವು ಗೆದ್ದೆವು, ಕೆಲವು ಸೋತೆವು. ಅದರ ಮುಂದಿನ ವರ್ಷ ಆ ಪುಟ್ಟ ಮಕ್ಕಳೇ ವಿರಾಜಪೇಟೆಯಲ್ಲಿ ಫೈನಲ್ ತನಕ ಹೋದರು. ಸಾರ್ ಅದನ್ನು ನೋಡಿದರು, ಗ್ಯಾಲರಿಯಲ್ಲಿ ಕೂತು, ಪ್ರತಿ ಬುಟ್ಟಿಗೂ "ಗೋಲು!" ಎಂದು ಕೂಗಿ ಸುತ್ತಲಿನವರನ್ನು ನಗಿಸುತ್ತಾ.

ಆದರೆ ನನಗೆ ಹೇಳಬೇಕಾಗಿರುವುದು ಆ ಮೀಟಿಂಗಿನ ಸಾಯಂಕಾಲದ ಮಾತು. ಅಂದು ಇಬ್ಬರೂ ಒಂದೇ ದಾರಿಯಲ್ಲಿ ನಡೆದೆವು. ಮೊದಲ ಮಳೆ ಬಿದ್ದು ಕಾಫಿ ಹೂವಾಗಿತ್ತು, ಎರಡು ಕಡೆಯ ತೋಟದಿಂದಲೂ ಘಮ ಬರುತ್ತಿತ್ತು. ಮೂರು ವರ್ಷದಿಂದ ಕೇಳಬೇಕು ಎಂದುಕೊಂಡಿದ್ದನ್ನು ಕೇಳಿದೆ.

"ಸಾರ್, ಆವತ್ತು ನೀವು ನಿಮಗೆ ಅಂತ ಒಂದು ವರ್ಷ ಯಾಕೆ ಕೇಳ್ಲಿಲ್ಲ? ಕೇಳಿದ್ರೆ ನಾನು ಕೈ ಎತ್ತುತ್ತಿರ್ಲಿಲ್ಲ."

"ಕೇಳ್ಬೇಕು ಅಂತಲೇ ಬಂದಿದ್ದೆ" ಎಂದರು. "ದಾರಿಯುದ್ದ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಸ್ಟಾಫ್ ರೂಮಿನ ಮೆಟ್ಟಿಲು ಹತ್ತುವಾಗ, ಕೊಟ್ರೆ ಎಂತ ಮಾಡ್ತೇನೆ ಅಂತ ಯೋಚನೆ ಬಂತು. ಹೋದ ವರ್ಷ ಮಾಡಿದ್ದನ್ನೇ ಮಾಡ್ತಿದ್ದೆ. ಬೇರೆ ಎಂತದೂ ಹೊಳೀಲಿಲ್ಲ. ಅಷ್ಟಕ್ಕೆ ಆ ಶಾಲಿನಿಯ ಒಂದು ವರ್ಷ ಹೋಗುದಲ್ಲ ಅಂತ ಅನ್ನಿಸಿತು."

ಅವರ ಮನೆಯ ಗೇಟು ಬಂದಿತ್ತು. ನಾನು ಎಂದಿನಂತೆ ಅಲ್ಲಿಂದಲೇ ತಿರುಗಲು ನಿಂತೆ.

"ನೀನು ಆವತ್ತು ಕೈ ಎತ್ತಿದ್ದು ಸರಿ" ಎಂದರು ಸಾರ್, ಗೇಟಿನ ಚಿಲಕ ತೆಗೆಯುತ್ತಾ. "ಇವತ್ತು ಎತ್ತಿದ್ದಿದ್ರೆ ಮಾತ್ರ ನಾನು ನಿನ್ನತ್ರ ಮಾತು ಬಿಡ್ತಿದ್ದೆ."

ಆಮೇಲೆ ಒಳಗೆ ಮುಖ ಮಾಡಿ, "ಇವಳು ಬಂದಿದಾಳೆ, ಎರಡು ಲೋಟ ಕಾಫಿ ಮಾಡು" ಎಂದು ಹೆಂಡತಿಗೆ ಕೂಗಿದರು. ಗೇಟನ್ನು ನನಗಾಗಿ ತೆರೆದು ಹಿಡಿದುಕೊಂಡೇ ನಿಂತರು. ನಾನು ಚಪ್ಪಲಿ ಬಿಚ್ಚಿ, ಮೂರು ವರ್ಷದ ನಂತರ ಆ ಮನೆಯ ಜಗಲಿ ಹತ್ತಿದೆ.